ಆಸ್ಪತ್ರೆ ಕಟ್ಟಡಕ್ಕೆ ನೆಲ ಅಗೆಯುವಾಗ ಹಳೆಯ ಕುರುಹುಗಳನ್ನು ಕಾಯುವುದು ಹೇಗೆ?

ಯಂತ್ರ ಬರುವ ಮುಂಚೆಯೇ ಹಳೆಯ ನಕ್ಷೆಗಳನ್ನು ನೋಡಿ, ಹಿಂದಿನ ವಾರ್ಡು, ಬಾವಿ, ಕಸದ ಗುಂಡಿ, ಮುಖ್ಯವಾಗಿ ಸ್ಮಶಾನ ಎಲ್ಲಿತ್ತು ಅಂತ ಗುರುತು ಹಾಕಿಕೊಳ್ಳಿ. ಸ್ಮಶಾನದ ಮಾತು ಸುಮ್ನೆ ಹೇಳುತ್ತಿಲ್ಲ. ರಾಯಲ್ ಲಂಡನ್ ಆಸ್ಪತ್ರೆಯ ಜಾಗದಲ್ಲಿ 2006ರಲ್ಲಿ ಅಗೆದಾಗ 19ನೇ ಶತಮಾನದ ಸಮಾಧಿಗಳು ಸಿಕ್ಕವು, ಹೆಣ ಕೊಯ್ದು ಕಲಿತ ಗುರುತುಗಳು ಎಷ್ಟೋ ಮೂಳೆಗಳ ಮೇಲಿದ್ದವು. ನೆಲದಡಿಯ ಕರೆಂಟ್ ಕೇಬಲ್, ಆಕ್ಸಿಜನ್ ಪೈಪುಗಳ ನಕ್ಷೆಯನ್ನೂ ಕೇಳಿ ಪಡೆಯಿರಿ.

ಅಗೆಯುವ ಯಂತ್ರದ ಬಕೆಟ್‌ಗೆ ಹಲ್ಲು ಇರಬಾರದು, ಅಂಚು ಚಪ್ಪಟೆಯಾಗಿರಬೇಕು. ಇದರಲ್ಲಿ ರಾಜಿ ಬೇಡ. ಒಂದೊಂದು ಸಲಕ್ಕೆ 10ರಿಂದ 20 ಸೆಂ.ಮೀ. ಮಾತ್ರ ಕೆರೆಸಿ. ನೀವು ಆಪರೇಟರ್‌ಗೆ ಕಾಣುವಂತೆ, ಆದರೆ ಬಕೆಟ್ ತಿರುಗುವ ಜಾಗದಿಂದ ಆಚೆ ನಿಲ್ಲಿ. 'ನಿಲ್ಲಿಸು' ಅನ್ನುವ ಕೈಸನ್ನೆ ಮೊದಲೇ ಮಾತಾಡಿಕೊಂಡಿರಿ.

ವಸ್ತುಗಳಿಗಿಂತ ಮಣ್ಣಿನ ಬಣ್ಣದ ಮೇಲೆ ಜಾಸ್ತಿ ಗಮನವಿಡಿ. ಕಂದು ಮಣ್ಣಿನ ನಡುವೆ ದುಂಡಗಿನ ಕಪ್ಪು ಮಚ್ಚೆ ಕಂಡರೆ ಅದು ಹಿಂದೆ ಕಂಬ ನೆಟ್ಟ ಗುಂಡಿಯಾಗಿರಬಹುದು. ಕರಣೆಯಿಂದ ಮೆಲ್ಲಗೆ ಕೆರೆದು ಸ್ವಲ್ಪ ನೀರು ಚಿಮುಕಿಸಿ, ಅಂಚು ಎದ್ದು ಕಾಣುತ್ತೆ. ಏನನ್ನೂ ಎತ್ತುವ ಮುಂಚೆ ಅಳತೆ ಪಟ್ಟಿ, ಉತ್ತರ ದಿಕ್ಕಿನ ಬಾಣ ಇಟ್ಟು ಫೋಟೋ ತೆಗೆಯಿರಿ. ಯಾವ ಪದರ, ಎಷ್ಟು ಆಳ ಅಂತ ಅಲ್ಲೇ ಬರೆಯಿರಿ, ಸಂಜೆಗೆ ನೆನಪಿರಲ್ಲ ಅಲ್ವಾ!

ಮನುಷ್ಯರ ಮೂಳೆ ಅನ್ನಿಸಿದರೆ ಕೆಲಸ ನಿಲ್ಲಿಸಿ, ಮುಚ್ಚಿ, ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ತಕ್ಷಣ ತಿಳಿಸಿ. ಹಳೆಯ ಸೂಜಿ, ಔಷಧಿ ಸೀಸೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಏನೂ ಸಿಗದಿದ್ದರೂ ವರದಿ ಬರೆಯಲೇಬೇಕು. ಪಕ್ಕದಲ್ಲಿ ಮುಂದೆ ಅಗೆಯುವವರಿಗೆ ಅದೂ ಬೇಕಾದ ಮಾಹಿತಿಯೇ.