ತೂಕದ ಚೀಟಿ ಬಿಟ್ಟು ಮನೆಯ ಲೆಕ್ಕಕ್ಕೆ ಬಂದದ್ದು: ವಾರ್ಡ್ ಸದಸ್ಯನಾಗಿ ನನ್ನ ಅನುಭವ

ಆಯ್ಕೆಯಾದ ಮೊದಲ ವರ್ಷ ನನಗೆ ಬರುತ್ತಿದ್ದ ಫೋನ್ ಕರೆಗಳಲ್ಲಿ ಬಹುಪಾಲು ಕಸದ ಗಾಡಿಯ ಬಗ್ಗೆಯೇ ಇರುತ್ತಿದ್ದವು. ಕರೆ ಬಂದ ಕೂಡಲೇ ನಾನು ಆರೋಗ್ಯ ನಿರೀಕ್ಷಕರಿಗೆ ತಿಳಿಸುತ್ತಿದ್ದೆ, ಅವರು ಮೇಸ್ತ್ರಿಗೆ ಹೇಳುತ್ತಿದ್ದರು, ಮಧ್ಯಾಹ್ನದೊಳಗೆ ಆ ಬೀದಿಗೆ ಗಾಡಿ ಹೋಗುತ್ತಿತ್ತು. ಜನರ ಕೆಲಸ ಮಾಡಿಕೊಟ್ಟೆ ಎಂಬ ಸಮಾಧಾನ ನನಗಿತ್ತು. ಆದರೆ ಗಾಡಿಗಳ ಸಂಖ್ಯೆ ಹೆಚ್ಚಿರಲಿಲ್ಲ. ನಾನು ಕರೆಸಿಕೊಂಡ ಗಾಡಿ ಇನ್ನೊಂದು ಬೀದಿಯಿಂದ, ಅಂದರೆ ನನ್ನ ಫೋನ್ ನಂಬರ್ ಇಲ್ಲದವರ ಬೀದಿಯಿಂದ, ಬಂದಿರುತ್ತಿತ್ತು. ಇದು ಅರ್ಥವಾಗಲು ನನಗೆ ಎಂಟು ತಿಂಗಳು ಹಿಡಿಯಿತು.

ಅರ್ಥವಾದ ಮೇಲೆ ಮೂರು ವಾರ ದಿನವೂ ಬೆಳಿಗ್ಗೆ 6 ಗಂಟೆಗೆ ಗಾಡಿಯ ಹಿಂದೆ ನಡೆದೆ. ಒಂದು ದಿನ ಒಂದು ಮನೆಯ ಗೃಹಿಣಿ ಹಸಿ ಕಸವನ್ನೂ ಒಣ ಕಸವನ್ನೂ ಎರಡು ಬಕೆಟ್‌ಗಳಲ್ಲಿ ಬೇರೆಬೇರೆಯಾಗಿ ತಂದುಕೊಟ್ಟರು. ಕಾರ್ಮಿಕ ಅವೆರಡನ್ನೂ ಅವರ ಕಣ್ಣೆದುರೇ ಒಂದೇ ತೊಟ್ಟಿಗೆ ಸುರಿದ. ಆಕೆ ಏನೂ ಹೇಳದೆ ಖಾಲಿ ಬಕೆಟ್‌ಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದರು. ಹೀಗೇಕೆ ಮಾಡಿದೆ ಎಂದು ಕೇಳಿದಾಗ ಆತ ಅಡಗಿಸದೆ ಉತ್ತರ ಕೊಟ್ಟ: "ಬೇರೆ ಮಾಡಿದರೆ ಗಾಡಿ ಬೇಗ ತುಂಬುತ್ತದೆ, ತೂಕ ಬರುವುದಿಲ್ಲ ಸಾರ್. ತೂಕ ಬರದಿದ್ದರೆ ನಮ್ಮ ಟ್ರಿಪ್ಪೇ ಲೆಕ್ಕಕ್ಕಿಲ್ಲ." ಆತನ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ದಿನ ಯಾರೋ ಒಡೆದ ಗಾಜನ್ನು ಹಸಿ ಕಸದ ಜೊತೆ ಕಪ್ಪು ಚೀಲದಲ್ಲಿ ಕಟ್ಟಿಟ್ಟಿದ್ದರು.

ಆ ದಿನವೇ ಗುತ್ತಿಗೆಯ ಕರಾರು ಪತ್ರವನ್ನು ತರಿಸಿಕೊಂಡು ಓದಿದೆ. ಗುತ್ತಿಗೆದಾರರಿಗೆ ಹಣ ಸಂದಾಯವಾಗುತ್ತಿದ್ದುದು ಗಾಡಿಯನ್ನು ಕಸದ ಸಮೇತ ತೂಗುವ ವೇಬ್ರಿಜ್ಜಿನ ಚೀಟಿಯ ಮೇಲೆ, ಟನ್ನಿಗೆ ಇಷ್ಟು ಎಂಬ ದರದಲ್ಲಿ. ಅಡುಗೆಮನೆಯ ಕಸದ ತೂಕದಲ್ಲಿ ಬಹುಪಾಲು ನೀರೇ ಇರುತ್ತದೆ. ಮಳೆ ಬಂದ ವಾರ ಮನೆಗಳು ಹೆಚ್ಚು ಕಸ ಹಾಕದಿದ್ದರೂ ಬಿಲ್ ಏರುತ್ತಿತ್ತು. ಕೈಗಾಡಿಯಷ್ಟೇ ಹೋಗಬಲ್ಲ ಓಣಿಯಲ್ಲಿ ನಲವತ್ತು ಮನೆ ಸುತ್ತಿದರೆ ಒಂದು ಗಂಟೆ ಬೇಕು, ಸಿಗುವ ತೂಕ ಅತ್ಯಲ್ಪ. ಅದೇ ಮುಖ್ಯರಸ್ತೆಯ ಮೂಲೆಯಲ್ಲಿ ಬೆಳೆದ ರಾಶಿಯನ್ನು ಸಲಿಕೆಯಿಂದ ಎತ್ತಿದರೆ ಹದಿನೈದು ನಿಮಿಷದಲ್ಲಿ ಗಾಡಿ ಭರ್ತಿ. ಜನರಿಗೆ ಶಿಸ್ತಿಲ್ಲದ್ದರಿಂದಲೇ ಮೂಲೆಗಳಲ್ಲಿ ತಿಪ್ಪೆ ಬೆಳೆಯುತ್ತದೆ ಎಂದು ನಾನೂ ಭಾಷಣಗಳಲ್ಲಿ ಹೇಳಿದ್ದೆ. ಆದರೆ ತಿಪ್ಪೆ ಬೆಳೆದಷ್ಟೂ ಲಾಭ, ಓಣಿಗೆ ಹೋದಷ್ಟೂ ನಷ್ಟ ಎಂಬ ಕರಾರಿಗೆ ನಾವೇ ಸಹಿ ಹಾಕಿದ್ದೆವು.

ಕರಾರಿನ ಅವಧಿ ಮುಗಿಯಲು ಏಳು ತಿಂಗಳಿತ್ತು. ತೂಕದ ಬದಲು ಪ್ರತಿದಿನ ತಲುಪಿದ ಮನೆಗಳ ಲೆಕ್ಕದ ಮೇಲೆ ಹಣ ಕೊಡಬೇಕು, ಬಿಟ್ಟುಹೋದ ಓಣಿಗೆ ಕಡಿತ ಮಾಡಬೇಕು, ಕಾರ್ಮಿಕರ ಸಂಬಳ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗಬೇಕು ಎಂಬ ಮೂರು ಬದಲಾವಣೆಗಳನ್ನು ಬರೆದುಕೊಂಡು ನಮ್ಮ ಪಕ್ಷದ ಸದಸ್ಯರ ಬಳಿ ಹೋದೆ. ಯಾರೂ ತಪ್ಪೆನ್ನಲಿಲ್ಲ, ಯಾರೂ ಒಪ್ಪಲೂ ಇಲ್ಲ. ಚುನಾವಣೆಯಲ್ಲಿ ಬೂತಿನಲ್ಲಿ ಕೂರುವ ಹುಡುಗರಲ್ಲಿ ಹಲವರು ಗುತ್ತಿಗೆದಾರರ ಗಾಡಿ ಓಡಿಸುವವರೇ ಆಗಿದ್ದರಿಂದ ಅವರ ಹಿಂಜರಿಕೆ ನನಗೆ ಹೊಸದೇನೂ ಆಗಿರಲಿಲ್ಲ.

ಇಂಥ ಜಗಳ ಹಳೆಯದು. 1884ರಲ್ಲಿ ಪ್ಯಾರಿಸ್ಸಿನಲ್ಲಿ ಯುಜೀನ್ ಪುಬೆಲ್ ಎಂಬ ಆಡಳಿತಾಧಿಕಾರಿ ಮನೆಗಳ ಮಾಲೀಕರು ಮುಚ್ಚಳವಿರುವ ಕಸದ ಡಬ್ಬಿ ಇಡಲೇಬೇಕೆಂಬ ಆದೇಶವನ್ನು ಜಾರಿಗೆ ತಂದಾಗ ಮಾಲೀಕರಷ್ಟೇ ಅಲ್ಲ, ಚಿಂದಿ ಆಯುವವರೂ ವಿರೋಧಿಸಿದರು. ರಾಶಿಯಲ್ಲಿ ಅವರ ಅನ್ನವಿತ್ತು. 1895ರಲ್ಲಿ ನ್ಯೂಯಾರ್ಕಿನ ಬೀದಿಗಳ ಸ್ವಚ್ಛತೆಯ ಹೊಣೆ ಹೊತ್ತ ಜಾರ್ಜ್ ವೇರಿಂಗ್, ಪಕ್ಷದ ಶಿಫಾರಸಿನ ಮೇಲೆ ನೌಕರಿ ಹಂಚುವ ಪದ್ಧತಿಗೆ ಕೈ ಹಾಕಿದ ಮೇಲೆಯೇ ಮನೆಗಳಲ್ಲಿ ಕಸ ಬೇರ್ಪಡಿಸುವ ನಿಯಮ ತಂದರು. ಇವನ್ನು ಓದಿದ್ದರಿಂದ ನನಗೊಂದು ಉಪಕಾರವಾಯಿತು: ಕಸದ ಪದ್ಧತಿ ಬದಲಿಸುವ ಮೊದಲು, ಈಗಿನ ಪದ್ಧತಿಯಿಂದ ಯಾರ ಮನೆಯ ಒಲೆ ಉರಿಯುತ್ತಿದೆ ಎಂದು ನೋಡಬೇಕೆಂದು ಗೊತ್ತಾಯಿತು. ನಮ್ಮಲ್ಲಿಯೂ ಚಿಂದಿ ಆಯುವ ಒಂಬತ್ತು ಹೆಂಗಸರಿದ್ದರು. ಒಣ ಕಸ ವಿಂಗಡಿಸುವ ಶೆಡ್ಡನ್ನು ಅವರಿಗೇ ವಹಿಸುವ ಮಾತು ನಾಲ್ಕನೆಯ ಷರತ್ತಾಗಿ ಸೇರಿತು.

ಮೂರು ವಾರ ನಡೆದಾಗ ಯಾವ ಓಣಿಗೆ ಎಷ್ಟು ದಿನ ಗಾಡಿ ಹೋಗಲಿಲ್ಲ ಎಂಬುದನ್ನು ವಾರ್ಡಿನ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದೆ. ಅದನ್ನು ವಿರೋಧ ಪಕ್ಷದ ಹಿರಿಯ ಸದಸ್ಯೆಯೊಬ್ಬರ ಮುಂದೆ ಬಿಡಿಸಿಟ್ಟೆ. ಅವರು ಬಹಳ ಹೊತ್ತು ನೋಡಿ, ತಮ್ಮ ವಾರ್ಡಿನದ್ದನ್ನೂ ಹೀಗೆಯೇ ಮಾಡಿಸಿಕೊಡುವಿರಾ ಎಂದು ಕೇಳಿದರು. ಮಾಡಿಸಿದೆವು, ಅವರ ವಾರ್ಡಿನಲ್ಲಿ ಕೆಂಪು ಇನ್ನೂ ಹೆಚ್ಚಿತ್ತು. ಸಭೆಯಲ್ಲಿ ನಿರ್ಣಯವನ್ನು ಅವರು ಮಂಡಿಸಿದರು, ನಾನು ಅನುಮೋದಿಸಿದೆ. ಶ್ರೇಯಸ್ಸು ಅವರ ಪಕ್ಷಕ್ಕೆ ಹೋಯಿತೆಂದು ನಮ್ಮವರು ಮುನಿಸಿಕೊಂಡರೂ, ಎರಡೂ ಕಡೆಯ ಮತಗಳಿಲ್ಲದೆ ಅದು ಪಾಸಾಗುವಂತಿರಲಿಲ್ಲ.

ಜಾರಿಗೆ ತರುವಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಗಾಡಿಯ ಸಮಯ ಸ್ಥಿರವಾಗುವ ಮೊದಲೇ ಬೀದಿಯ ದೊಡ್ಡ ತೊಟ್ಟಿಗಳನ್ನು ತೆಗೆಸಿದೆ. ರಾತ್ರಿ ಪಾಳಿ ಮುಗಿಸಿ ಮಲಗುವವರು, ನಸುಕಿನಲ್ಲೇ ಕೆಲಸಕ್ಕೆ ಹೊರಡುವವರು ಕಸವನ್ನು ಯಾರ ಕೈಗೆ ಕೊಡಬೇಕು? ಹತ್ತು ದಿನಗಳಲ್ಲಿ ತೊಟ್ಟಿ ಇದ್ದ ಜಾಗಗಳಲ್ಲೇ ರಾಶಿ ಎದ್ದಿತು. ಸಂಜೆ 7 ಗಂಟೆಗೆ ಎರಡನೆಯ ಸುತ್ತು ಸೇರಿಸಿದ ಮೇಲೆ ಅದು ಕರಗಿತು.

ಲೆಕ್ಕ ಇಡುವ ವಿಧಾನವೂ ಒಂದೇ ಸಲಕ್ಕೆ ಕೂಡಿಬರಲಿಲ್ಲ. ಮೊದಲು ಪ್ರತಿ ಗೇಟಿಗೂ ಕ್ಯೂಆರ್ ಕೋಡ್ ಅಂಟಿಸಿದೆವು. ಎರಡೇ ತಿಂಗಳಲ್ಲಿ ಯಾರೋ ಎಲ್ಲ ಕೋಡ್‌ಗಳ ಫೋಟೊ ತೆಗೆದಿಟ್ಟುಕೊಂಡು ಗಾಡಿ ನಿಲ್ಲಿಸುವ ಶೆಡ್ಡಿನಲ್ಲೇ ಕೂತು ಸ್ಕ್ಯಾನ್ ಮಾಡುತ್ತಿದ್ದುದು ಗೊತ್ತಾಯಿತು. ಕೊನೆಗೆ ಉಳಿದದ್ದು ಕಾಗದವೇ: ಓಣಿಗೊಂದು ಹಾಳೆ, ದಿನಕ್ಕೊಂದು ಬೇರೆ ಮನೆಯವರ ಸಹಿ. ಸಹಿ ಇಲ್ಲದ ದಿನಕ್ಕೆ ಆ ಓಣಿಯ ಹಣವಿಲ್ಲ. ಕಸವನ್ನು ಬೇರ್ಪಡಿಸಿ ಕೊಡುವವರ ಸಂಖ್ಯೆ ಏರಿದ್ದು ಇದಾದ ಮೇಲೆ. ಗಾಡಿಯಲ್ಲಿ ಎರಡು ಗೂಡುಗಳಾಗಿ, ತಾವು ಬೇರ್ಪಡಿಸಿದ್ದು ಬೇರೆಯಾಗಿಯೇ ಹೋಗುವುದನ್ನು ಜನ ಕಣ್ಣಾರೆ ಕಂಡರು. ಅದಕ್ಕಿಂತ ದೊಡ್ಡ ಪ್ರಚಾರ ನನಗೆ ಗೊತ್ತಿಲ್ಲ.

ಈ ತಿಂಗಳು ಮುಂದಿನ ಗುತ್ತಿಗೆಯ ಕರಡು ಬಂದಿದೆ. ಅದರ ಹನ್ನೊಂದನೆಯ ಪುಟದಲ್ಲಿ "ಸಂಗ್ರಹಿಸಿದ ತೂಕಕ್ಕನುಗುಣವಾಗಿ" ಎಂಬ ಮಾತು ಮತ್ತೆ ನುಸುಳಿದೆ. ನಾಲ್ಕು ವರ್ಷಗಳ ಓಣಿ ಹಾಳೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿ ಆಕ್ಷೇಪಣೆಯ ಜೊತೆ ಲಗತ್ತಿಸಿದ್ದೇನೆ. ಆ ಹಿರಿಯ ಸದಸ್ಯೆ ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದ್ದಾರೆ.