ಡಾಕ್ಟರ್ ಹೇಳಿದ್ದನ್ನು ಅಲ್ಲೇ ತಿರುಗಿ ಹೇಳಿ

ಡಾಕ್ಟರ್ ಎದುರಿನಿಂದ ಏಳುವ ಮೊದಲು, ಅವರು ಹೇಳಿದ್ದನ್ನು ನಿಮ್ಮದೇ ಮಾತಲ್ಲಿ ಒಮ್ಮೆ ಅವರಿಗೇ ಹೇಳಿ. "ಅಂದ್ರೆ ಡಾಕ್ಟ್ರೇ, ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ನೀರಲ್ಲಿ, ಅರ್ಧ ಗಂಟೆ ಬಿಟ್ಟು ಚಾ. ಕ್ಯಾಲ್ಸಿಯಂ ಮಾತ್ರೆ ಅದರ ಜೊತೆ ಬೇಡ, ಮಧ್ಯಾಹ್ನ ಊಟ ಆದ ಮೇಲೆ. ಸರಿ ಅಲ್ವಾ?" ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. "ಅರ್ಥ ಆಯ್ತಾ?" ಅಂತ ಕೇಳಿದರೆ ನಾವೆಲ್ಲ ಸುಮ್ನೆ ತಲೆ ಆಡಿಸುತ್ತೇವೆ. ಬಾಯಿ ಬಿಟ್ಟು ಹೇಳುವಾಗಲೇ ಎಲ್ಲಿ ಗೊಂದಲ ಇದೆ ಅನ್ನೋದು ಹೊರಗೆ ಬರುವುದು. ಚೀಟಿಯಲ್ಲಿರುವ 1-0-1 ಅನ್ನು ಹಾಗೇ ಓದಿದರೆ ಪ್ರಯೋಜನ ಇಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು, ಗಂಜಿಗೆ ಮೊದಲೋ ನಂತರವೋ, ಎಷ್ಟು ದಿನ ಅಂತ ಬಿಡಿಸಿ ಹೇಳಬೇಕು. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಹೊರರಾಜ್ಯದ ಡಾಕ್ಟರುಗಳೂ ಇರುತ್ತಾರೆ. ತುಳು ಮಾತ್ರ ಬರುವ ಅಜ್ಜಿಗೆ ಅಲ್ಲಿ ಇದು ಕಷ್ಟವೇ, ತುಳು ಗೊತ್ತಿರುವ ಸಿಸ್ಟರ್ ಒಬ್ಬರನ್ನು ಕರೆಯಿರಿ. ನೋವು, ತಲೆಸುತ್ತು ಜೋರಿದ್ದರೂ ಆಗುವುದಿಲ್ಲ, ಆಗ ಜೊತೆಗೆ ಬಂದವರು ಹೇಳಲಿ. ರಶ್ ಜಾಸ್ತಿ ಇದ್ದರೆ ಔಷಧಿ ಕೌಂಟರಿನಲ್ಲಾದರೂ ಹೇಳಿ ನೋಡಿ. ಆದರೆ ಅಲ್ಲಿ ಮಾತ್ರೆ ವಿಷಯ ಅಷ್ಟೇ ತಿಳಿಯುತ್ತದೆ.