ಬಿಇ ಓದಿಗೆ ನಮ್ಮ ಮನೆಯಲ್ಲಿ ದುಡ್ಡು ಹೊಂದಿಸಿದ ಬಗೆ

ಜೂನ್-ಜುಲೈ ಬಂತು ಅಂದರೆ ಊರಿನ ಕಡೆಯಿಂದ ನನಗೆ ಫೋನ್ ಶುರುವಾಗುತ್ತೆ. ಮಗಳಿಗೆ ಸಿಇಟಿ ಸೀಟು ಸಿಕ್ಕಿದೆ, ಫೀಸಿಗೆ ಏನು ಮಾಡೋದು ಅಂತ. ಎಲ್ಲರೂ ಕೇಳುವುದು ಒಟ್ಟು ಎಷ್ಟಾಗುತ್ತೆ ಅಂತಲೇ. ನಾನು ತಿರುಗಿ ಕೇಳುವುದು ಬೇರೆ: ಕಾಲೇಜಿಗೆ ಯಾವ ತಿಂಗಳು ಕಟ್ಟಬೇಕು? ನಿಮ್ಮ ಕೈಗೆ ದುಡ್ಡು ಬರುವುದು ಯಾವ ತಿಂಗಳು?

2017ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಸೇರಿದೆ. ನಾಲ್ಕು ವರ್ಷ ಓದುವಷ್ಟರಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಾಯಿತು. ಬಡ ಮಕ್ಕಳಿಗೆ ಸ್ಕಾಲರ್‌ಶಿಪ್ ಇದೆ, ಸಾಲ ಇದೆ, ಹಾಸ್ಟೆಲ್ ಇದೆ. ಆದರೆ ಕಾಲೇಜು ಫೀಸು ಕೇಳುವುದು ಆಗಸ್ಟ್‌ನಲ್ಲಿ. ಸ್ಕಾಲರ್‌ಶಿಪ್ ಖಾತೆಗೆ ಬೀಳುವುದು ಮುಂದಿನ ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ, ಕೆಲವು ಸಲ ಅದಕ್ಕೂ ಆಮೇಲೆ. ಈ ನಡುವಿನ ತಿಂಗಳುಗಳನ್ನು ದಾಟುವುದೇ ಕಷ್ಟ. ನನ್ನ ಜೊತೆ ಪಿಯುಸಿ ಓದಿದ, ನನಗಿಂತ ಚುರುಕಾಗಿದ್ದ ಹುಡುಗಿ ಸೀಟು ಸಿಕ್ಕಿಯೂ ಸೇರಲಿಲ್ಲ. ಅವಳಿಗೂ ಸ್ಕಾಲರ್‌ಶಿಪ್ ಬರುತ್ತಿತ್ತು. ಸೇರುವ ದಿನ ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ನಮ್ಮದು ತಿಪಟೂರು ಸೀಮೆಯ ಹಳ್ಳಿ. ಎರಡು ಎಕರೆ ತೆಂಗು, ಮಳೆ ಬಂದರೆ ರಾಗಿ, ಹುರುಳಿ. ನಮ್ಮ ಕಡೆ ತೆಂಗಿನಕಾಯಿಯನ್ನು ಹಾಗೇ ಮಾರುವವರು ಕಡಿಮೆ. ಬಲಿತ ಕಾಯಿ ಕಿತ್ತು, ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು-ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರೆಲ್ಲ ಇಂಗಿ, ಕಾಯಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನಬೇಕು. ಆಗ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು ತಿಪಟೂರು ಮಾರ್ಕೆಟ್ಟಿಗೆ ಒಯ್ಯುವುದು. ಅಂದರೆ ಇವತ್ತು ಕಿತ್ತ ಕಾಯಿ ದುಡ್ಡಾಗುವುದು ಮುಂದಿನ ವರ್ಷ.

ನನ್ನ ಓದಿಗೆ ಆಸರೆಯಾಗಿದ್ದು ಈ ಅಟ್ಟವೇ. ಮೊದಲ ವರ್ಷದ ಫೀಸು ಕಟ್ಟಿ ಬಂದ ಮೇಲೆ ಅಪ್ಪ ಅಟ್ಟದ ಒಂದು ಮೂಲೆಗೆ ಬಿದಿರಿನ ತಡಿಕೆ ಕಟ್ಟಿ ಬೇರೆ ಮಾಡಿದರು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕಿತ್ತ ಕಾಯಿ ಅಲ್ಲಿಗೆ. ಮುಂದಿನ ಜುಲೈ ಹೊತ್ತಿಗೆ ಅದು ಕೊಬ್ಬರಿ. ಮದುವೆ ಬರಲಿ, ಹಬ್ಬ ಬರಲಿ, ಆ ಮೂಲೆಗೆ ಕೈ ಹಾಕುವ ಹಾಗಿಲ್ಲ. "ಕಾಲೇಜ್ನೋರು ಕೇಳೋ ಹೊತ್ಗೆ ಅದು ಆಗಿರ್ತದೆ, ನೀನು ಓದ್ಕೋ ಹೋಗವ್ವ" ಅಂತಿದ್ದರು. ಕೊಬ್ಬರಿ ರೇಟು ಒಂದೇ ಸಮ ಇರಲ್ಲ. ಒಂದು ವರ್ಷ ಪೂರ್ತಿ ಫೀಸಿಗೆ ಸಾಲಲಿಲ್ಲ. ಉಳಿದದ್ದನ್ನು ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದರು, ಸ್ಕಾಲರ್‌ಶಿಪ್ ಬಂದ ಮೇಲೆ ತೀರಿಸಿದೆವು. ಕೈಸಾಲದ ಬಡ್ಡಿಗೆ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಇವತ್ತಿಗೂ ಹೆಮ್ಮೆಯ ಮಾತು.

ಸೀಟು ಆರಿಸುವ ಹಂತದಲ್ಲೇ ಅರ್ಧ ಖರ್ಚು ತೀರ್ಮಾನವಾಗಿ ಹೋಗುತ್ತೆ. ಹಾಸನ, ರಾಮನಗರ, ಚಾಮರಾಜನಗರ, ಹಾವೇರಿ, ಕಾರವಾರ, ರಾಯಚೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಫೀಸು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗಿಂತ ಬಹಳ ಕಡಿಮೆ. ಅನುದಾನಿತ ಕಾಲೇಜುಗಳ ಅನುದಾನಿತ ಸೀಟುಗಳೂ ಹಾಗೇ. ನಾನು ಹಾಸನವನ್ನೂ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಪಟ್ಟಿಯಲ್ಲಿ, ಹಾಕಿದ್ದೆ. ಬೆಂಗಳೂರನ್ನು ಮೇಲೆ ಇಟ್ಟಿದ್ದಕ್ಕೆ ಕಾರಣ, ಓದುತ್ತಲೇ ಟ್ಯೂಷನ್ ಹೇಳಿ ನಾಲ್ಕು ಕಾಸು ದುಡಿಯಬಹುದು, ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗಿ ರೂಮು ಮಾಡಬೇಕಾಗಿಲ್ಲ ಅನ್ನುವ ಲೆಕ್ಕ. ಈ ಲೆಕ್ಕ ಎಲ್ಲರಿಗೂ ಹೊಂದಲ್ಲ. ಹಾಸನದ ಹತ್ತಿರದವರು ಮನೆಯಿಂದ ಓಡಾಡಿ ಓದಬಹುದಾದರೆ ಸುಮ್ನೆ ಬೆಂಗಳೂರಿಗೆ ಬರಬೇಡಿ ಅಂತಲೇ ನಾನು ಹೇಳೋದು.

ಇನ್ನೊಂದು, ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ. ಪ್ರತಿ ಬ್ರಾಂಚಿನ ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಅದಕ್ಕೆ ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು. 60 ಸೀಟಿನ ಬ್ರಾಂಚ್ ಆದರೆ 3 ಸೀಟು, ಆದ್ದರಿಂದ ಪೈಪೋಟಿ ಜಾಸ್ತಿ. ನನ್ನ ರ‍್ಯಾಂಕಿಗೆ ಬರಲಿಲ್ಲ. ಆದರೂ ಸಿಇಟಿ ಅರ್ಜಿ ತುಂಬುವಾಗಲೇ ಆ ಕಾಲಂ ಬಿಡದೆ ತುಂಬಿ. ರ‍್ಯಾಂಕ್ ಬಂದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಕಾಗದಪತ್ರದ ವಿಷಯ ಬೇಜಾರಿನದು, ಆದರೆ ದುಡ್ಡು ಸಿಕ್ಕಿಕೊಳ್ಳುವುದು ಇಲ್ಲೇ. ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿದಾಗ ಅದರಲ್ಲಿ ಆರ್‌ಡಿ ನಂಬರ್ ಇರುತ್ತೆ, ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾಗುವುದು ಅದು. ನಾನು ಸೇರಿದಾಗ ಇ-ಪಾಸ್ ವೆಬ್‌ಸೈಟ್ ಇತ್ತು, ಈಗ ಎಲ್ಲ ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ ಇದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಆಧಾರ್ ಜೋಡಣೆ ಇನ್ನೂ ಮುಖ್ಯ. ಸರ್ಕಾರದ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರಲ್ಲ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಬರುತ್ತೆ. ಮಧ್ಯದಲ್ಲಿ ಇನ್ಯಾವುದೋ ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿದರೆ ಯಾವ ಖಾತೆ ಅಂತ ಗೊತ್ತಾಗುತ್ತೆ.

ಇನ್ನು ಸಾಲ. ಊರಿನಲ್ಲಿ ಸಾಲ ಅಂದರೆ ಹೆದರಿಕೆ. ಶಿಕ್ಷಣ ಸಾಲದ ನಿಯಮ ಮಾತ್ರ ಬೇರೆ, ಅದನ್ನು ತಿಳಿದುಕೊಂಡರೆ ಹೆದರಿಕೆ ಹೋಗುತ್ತೆ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗೆ ನಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, ಜಮೀನೋ ಮನೆಯೋ ಅಡ ಇಡಬೇಕಿಲ್ಲ. ಅಪ್ಪನೋ ಅಮ್ಮನೋ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಅದಕ್ಕೆ ಮೇಲ್ಪಟ್ಟು 7.5 ಲಕ್ಷದವರೆಗೂ ಕೇಂದ್ರದ ಖಾತರಿ ನಿಧಿ ಇರುವುದರಿಂದ ಅಡಮಾನ ಕೇಳುವಂತಿಲ್ಲ. ಫೀಸಿನ ಜೊತೆಗೆ ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿಸಬಹುದು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ.

ನಿಯಮ ಹೀಗಿದ್ದರೂ ನಮ್ಮ ಹತ್ತಿರದ ಶಾಖೆಯಲ್ಲಿ ಮೊದಲ ಮಾತೇ "ಯಜಮಾನ್ರೇ, ಜಮೀನಿನ ಪತ್ರ ತಗೊಂಡು ಬನ್ನಿ" ಅಂತ. ಅಪ್ಪ ತಲೆ ಆಡಿಸಿ ಎದ್ದೇಬಿಟ್ಟರು. ನಾನು ಕೂತೇ ಇದ್ದೆ. ಶಿಕ್ಷಣ ಸಾಲಕ್ಕೆ ಅಂತಲೇ ಇದ್ದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಆಗಲೇ ಅರ್ಜಿ ಹಾಕಿ ಪ್ರಿಂಟ್ ತಂದಿದ್ದೆ. ಆಗ ಅದರಲ್ಲಿ ಒಂದೇ ಅರ್ಜಿಯಲ್ಲಿ ಮೂರು ಬ್ಯಾಂಕುಗಳನ್ನು ಆರಿಸಬಹುದಿತ್ತು, ಅರ್ಜಿ ಎಲ್ಲಿಗೆ ಬಂತು ಅಂತ ನೋಡಬಹುದಿತ್ತು. "ಸರ್, ನಾವು ಕೇಳ್ತಿರೋದು 3 ಲಕ್ಷ. ಇದಕ್ಕೆ ಅಡಮಾನ ಬೇಕು ಅನ್ನೋದಾದ್ರೆ ಅರ್ಜಿ ಮೇಲೆ ಅದನ್ನೇ ಬರೆದುಕೊಡಿ" ಅಂದೆ. ಅವರು ಸ್ವಲ್ಪ ಹೊತ್ತು ಪ್ರಿಂಟ್ ತಿರುವಿ ಹಾಕಿ ನೋಡಿದರು. ಆಮೇಲೆ ಕಾಲೇಜಿನಿಂದ ನಾಲ್ಕೂ ವರ್ಷದ ಖರ್ಚಿನ ಪತ್ರ ತರಲು ಹೇಳಿದರು. ಜಮೀನಿನ ಮಾತು ಮತ್ತೆ ಬರಲಿಲ್ಲ. ಅಪ್ಪನ ಬೆಳೆ ಸಾಲ ಆ ವರ್ಷ ಸರಿಯಾಗಿ ರಿನೀವಲ್ ಆಗಿದ್ದು ನೆರವಾಯಿತು. ಜೊತೆ ಸಾಲಗಾರರ ಹಳೆಯ ಸಾಲ ಬಾಕಿ ಇದ್ದರೆ ಬ್ಯಾಂಕು ಹಿಂದೆ ಸರಿಯುತ್ತೆ. ಆದ್ದರಿಂದ ಸಿಇಟಿ ಬರೆಯುವ ಮೊದಲೇ ಮನೆಯ ಬೆಳೆ ಸಾಲ ಕಟ್ಟಿ ರಿನೀವಲ್ ಮಾಡಿಸಿಕೊಳ್ಳಿ.

ಬಡ್ಡಿ ಸಹಾಯಧನದ ಬಗ್ಗೆ ಹೆಚ್ಚಿನವರಿಗೆ ಗೊತ್ತೇ ಇಲ್ಲ, ಅದೇ ನನಗೆ ಸಂಕಟ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಎಂಜಿನಿಯರಿಂಗ್, ಮೆಡಿಕಲ್‌ನಂಥ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತೆ. 2009ರಿಂದ ಇರುವ ಯೋಜನೆ ಇದು, ಇದನ್ನು ನೋಡಿಕೊಳ್ಳುವ ನೋಡಲ್ ಬ್ಯಾಂಕ್ ಕೆನರಾ ಬ್ಯಾಂಕ್. ಎಷ್ಟು ಉಳಿಯುತ್ತೆ ನೋಡಿ. ವರ್ಷದ ಆರಂಭಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದಿರಿ, ಬಡ್ಡಿ ಶೇ 9 ಅಂದುಕೊಳ್ಳಿ. ಮೊದಲ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 45,000. ಎರಡನೆಯದಕ್ಕೆ 36,000, ಮೂರನೆಯದಕ್ಕೆ 27,000, ನಾಲ್ಕನೆಯದಕ್ಕೆ 18,000. ಒಟ್ಟು 1,26,000 ರೂಪಾಯಿ. ಆದಾಯ ಪ್ರಮಾಣಪತ್ರ ಬ್ಯಾಂಕಿಗೆ ಕೊಟ್ಟು, ಸಹಾಯಧನಕ್ಕೆ ಹೆಸರು ಸೇರಿಸಿದ್ದಾರಾ ಅಂತ ವಿಚಾರಿಸದೇ ಇದ್ದರೆ ಇಷ್ಟೂ ದುಡ್ಡು ನಿಮ್ಮ ತಲೆ ಮೇಲೆ. ನಾನು ಪ್ರತಿ ವರ್ಷ ಫೀಸಿನ ಕಂತು ಬಿಡುಗಡೆ ಮಾಡಿಸಲು ಹೋದಾಗಲೆಲ್ಲ ಇದನ್ನೂ ಕೇಳಿಯೇ ಬರುತ್ತಿದ್ದೆ. ಓದನ್ನು ಮಧ್ಯದಲ್ಲಿ ಬಿಟ್ಟರೆ ಮಾತ್ರ ಈ ಸಹಾಯಧನ ಸಿಗಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ-ವಿದ್ಯಾಲಕ್ಷ್ಮಿ ಅನ್ನುವ ಹೊಸ ಯೋಜನೆ ಒಪ್ಪಿದೆ. ಆಯ್ದ ಕಾಲೇಜುಗಳಿಗೆ ಮಾತ್ರ ಅದು. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯುವವರಿಗೆ ಈ ರಿಯಾಯಿತಿ ಇಲ್ಲ. ಹಾಗಾಗಿ ಎರಡರಲ್ಲಿ ಯಾವುದರಿಂದ ಜಾಸ್ತಿ ಉಳಿತಾಯ ಅಂತ ಲೆಕ್ಕ ಹಾಕಿಯೇ ಮುಂದುವರಿಯಿರಿ.

ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಇದೆ. ಸಿಇಟಿ ಮೂಲಕ ಸೀಟು ಪಡೆದವರಿಗೆ ವರ್ಷಕ್ಕೆ ಗರಿಷ್ಠ 1 ಲಕ್ಷ, ಬಡ್ಡಿ ಶೇ 2. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲೂ ಇದೇ ಹೆಸರಿನ ಸಾಲ ಸಿಗುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ 2.5 ಲಕ್ಷದ ಒಳಗಿದ್ದರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ನನಗೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ನಲ್ಲಿ ಸೀಟು ಸಿಗಲಿಲ್ಲ. ಹಾಸ್ಟೆಲ್ ಸಿಗದವರಿಗೆ ಅಂತಲೇ ಇರುವ ವಿದ್ಯಾಸಿರಿ ಬಂತು. ಆಗ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಬೆಂಗಳೂರಿನಲ್ಲಿ ಅದು ಊಟಕ್ಕೂ ಸಾಲದು ಅನ್ನುವವರಿದ್ದಾರೆ. ನಮಗೆ ಸಾಕಾಯಿತು, ಅದು ಹೇಗೆ ಅಂತಲೂ ಹೇಳಬೇಕು.

ಮೊದಲ ವರ್ಷ ಪಿಜಿಯಲ್ಲಿದ್ದೆ. ಎರಡನೇ ವರ್ಷ ನಾಲ್ಕು ಹುಡುಗಿಯರು ಸೇರಿ ಒಂದು ಚಿಕ್ಕ ಮನೆ ಹಿಡಿದೆವು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ. ಅಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ತಿರ ಇತ್ತು? ಅದು ಸೀನಿಯರ್‌ಗಳಿದ್ದ ಮನೆ. ಬಿಟ್ಟು ಹೋಗುವ ಅಕ್ಕನ ಪಾಲನ್ನು ಹೊಸದಾಗಿ ಬರುವವಳು ಕೊಡಬೇಕು, ಓನರ್ ಹತ್ತಿರ ಇರುವ ಅಡ್ವಾನ್ಸ್ ಹಾಗೇ ಇರುತ್ತೆ. ನನ್ನ ಪಾಲನ್ನು ಆ ಅಕ್ಕ ಮೂರು ಕಂತು ಮಾಡಿಕೊಟ್ಟರು. ಓದು ಮುಗಿಸಿ ಹೊರಟಾಗ ನಾನೂ ನನ್ನ ನಂತರ ಬಂದ ಹುಡುಗಿಗೆ ಹಾಗೇ ಮಾಡಿದೆ. ರಾಗಿ ಹಿಟ್ಟು, ಹುರುಳಿ, ಕಾಯಿ, ಸಾಂಬಾರ್ ಪುಡಿ ಊರಿನಿಂದ ರೈಲಿನಲ್ಲಿ ಬರುತ್ತಿತ್ತು. ಬೆಳಿಗ್ಗೆ ಒಬ್ಬರು ಮುದ್ದೆ ತಿರುವಿದರೆ ರಾತ್ರಿ ಇನ್ನೊಬ್ಬರು ಅನ್ನಕ್ಕೆ ಇಡುತ್ತಿದ್ದೆವು. ಸಂಜೆ ಒಂದು ಮನೆಯ ಇಬ್ಬರು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಿದ್ದೆ. ಬಾಡಿಗೆಯ ನನ್ನ ಪಾಲು ಅದರಲ್ಲೇ ಹೋಗುತ್ತಿತ್ತು. ಪರೀಕ್ಷೆಯ ತಿಂಗಳು ರಜೆ ಕೊಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆ.

ನಮ್ಮ ಅಜ್ಜನ ಕಾಲದಲ್ಲಿ ಓದುವ ಬಡ ಹುಡುಗರಿಗೆ ವಾರಾನ್ನ ಇತ್ತು, ಊಟಕ್ಕೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಈಗಲೂ ಊಟ, ವಸತಿ ಎರಡೂ ಉಚಿತವಾಗಿ ಪಡೆದು ಓದುತ್ತಾರೆ. ಬೆಂಗಳೂರಿನಲ್ಲೂ ಹಲವು ಸಮುದಾಯಗಳ ವಿದ್ಯಾರ್ಥಿ ನಿಲಯಗಳಿವೆ. ಪಿಜಿಗೆ ದುಡ್ಡು ಕಟ್ಟುವ ಮುಂಚೆ ಒಮ್ಮೆ ಅಲ್ಲಿ ವಿಚಾರಿಸಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ತಂಗಿ 2022ರಲ್ಲಿ ಬಿಎಸ್ಸಿಗೆ ಸೇರಿದಳು. ಅಷ್ಟರಲ್ಲಿ ರೈತ ವಿದ್ಯಾನಿಧಿ ಬಂದಿತ್ತು. ಸಾಮಾನ್ಯ ಪದವಿ ಓದುವ ರೈತರ ಮಕ್ಕಳಲ್ಲಿ ಆಗ ಹುಡುಗರಿಗೆ 5,000, ಹುಡುಗಿಯರಿಗೆ 5,500. ಇದಕ್ಕೆ ಅಪ್ಪನ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ಪೋರ್ಟಲ್‌ನ ಎಫ್‌ಐಡಿ ನಂಬರ್ ಇರಬೇಕಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ ಆಯಿತು, ತಂಗಿಯ ಓಡಾಟದ ಖರ್ಚು ಅಲ್ಲಿಗೆ ನಿಂತಿತು. ಅವಳ ಓದಿಗೆ ಸಾಲವೇ ಬೇಕಾಗಲಿಲ್ಲ.

ನನ್ನ ಕಂತು 2022ರಲ್ಲಿ ಶುರುವಾಯಿತು. ಕೆಲಸ ಸಿಕ್ಕಿದ ಮೇಲೆ ಬೋನಸ್ ಬಂದಾಗಲೆಲ್ಲ ಅಸಲಿಗೆ ಹಾಕಿದೆ, ಬೇಗ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕಲಿಲ್ಲ. ಕಟ್ಟಿದ ಬಡ್ಡಿಯನ್ನು ಆದಾಯ ತೆರಿಗೆ ಲೆಕ್ಕ ಹಾಕುವಾಗ ಎಂಟು ವರ್ಷದವರೆಗೆ ಆದಾಯದಿಂದ ಕಳೆದು ತೋರಿಸಬಹುದು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ನೋ ಡ್ಯೂ ಪತ್ರ ತಗೊಳ್ಳಿ. ಒಂದೆರಡು ತಿಂಗಳು ಬಿಟ್ಟು, ನಮ್ಮ ಸಾಲಗಳ ಲೆಕ್ಕ ಇರುವ ಸಿಬಿಲ್ ರಿಪೋರ್ಟ್‌ನಲ್ಲಿ ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡಿ. ನಿಮ್ಮದರಲ್ಲಿ ನೋಡಿದರೆ ಸಾಲದು, ಸಹಿ ಹಾಕಿದ ಅಪ್ಪನದರಲ್ಲೂ ನೋಡಬೇಕು. ಮುಂದಿನ ವರ್ಷ ಅವರು ಬೆಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ನೋಡೋದು.